ಚರಂಡಿ ಬೇಕೆ? ವಾರ್ಡ್ ಸಭೆ ತಪ್ಪಿಸಬೇಡಿ

ಕೊಡಗಿನ ಸಿದ್ದಾಪುರ, ಸುಂಟಿಕೊಪ್ಪ, ನಾಪೋಕ್ಲು, ಶನಿವಾರಸಂತೆ. ಬ್ಯಾಂಕು, ಬಸ್ಸು, ಕಾಫಿ ವ್ಯಾಪಾರ, ವಾರದ ಸಂತೆ ಎಲ್ಲವೂ ಇರುವ ಈ ಪೇಟೆಗಳ ಆಡಳಿತ ನಡೆಯುವುದು ಗ್ರಾಮ ಪಂಚಾಯಿತಿಯಿಂದ. ಸುತ್ತಲಿನ ತೋಟ ಕಾರ್ಮಿಕರ ಲೈನ್‌ಮನೆ, ಆದಿವಾಸಿಗಳ ಹಾಡಿಗಳ ಜನರೂ ಅದೇ ಪಂಚಾಯಿತಿಯ ಮತದಾರರು. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಒಂದು ಪಂಚಾಯಿತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆ ಇರಬೇಕು. ಕೊಡಗಿನಂಥ ಜಿಲ್ಲೆಗಳಿಗೆ 2,500 ಇದ್ದರೂ ಸಾಕು. ಸುಮಾರು 400 ಜನರಿಗೆ ಒಬ್ಬ ಸದಸ್ಯ. ಅಂದರೆ ನಿಮ್ಮ ಸದಸ್ಯರು ನಿಮಗೆ ಮುಖಪರಿಚಯ ಇದ್ದೇ ಇರುತ್ತಾರೆ. ಹಾಗಿದ್ದೂ ಮಳೆಗಾಲದಲ್ಲಿ ಅಂಗಳಕ್ಕೆ ನೀರು ನುಗ್ಗುವ ಬೀದಿಗೆ ವರ್ಷಗಟ್ಟಲೆ ಚರಂಡಿ ಬರುವುದಿಲ್ಲ. ಬೇಡಿಕೆ ಬಾಯಿಮಾತಿನಲ್ಲೇ ಉಳಿಯುವುದು ಇದಕ್ಕೆ ದೊಡ್ಡ ಕಾರಣ.

ಮೊದಲು ರಸ್ತೆ ಯಾರದ್ದೆಂದು ತಿಳಿಯಿರಿ. ಪೇಟೆಯ ನಡುವೆ ಹಾಯುವ ಮುಖ್ಯರಸ್ತೆ ಬಹುತೇಕ ಲೋಕೋಪಯೋಗಿ ಇಲಾಖೆಯದ್ದಾಗಿರುತ್ತದೆ; ಅದರ ಬದಿಯ ಚರಂಡಿಗಾಗಿ ಪಂಚಾಯಿತಿಯವರ ಜತೆ ಜಗಳಾಡಿ ಫಲವಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಳಿ ಕೇಳಿದರೆ ಇದು ಗೊತ್ತಾಗುತ್ತದೆ. ರಸ್ತೆ ಇಲಾಖೆಯದ್ದಾದರೆ, ಪಂಚಾಯಿತಿ ನಿರ್ಣಯ ಮಾಡಿ ಅಲ್ಲಿಗೆ ಕಳುಹಿಸಲಿ ಎಂದು ಕೇಳಿ.

ನಂತರ ಅರ್ಜಿ. ‘ನಮ್ಮ ಬೀದಿಗೆ ಚರಂಡಿ ಮಾಡಿಕೊಡಿ’ ಎಂದಷ್ಟೇ ಬರೆದರೆ ಸಾಲದು. ಯಾವ ಮನೆಯಿಂದ ಯಾವ ಮೋರಿಯವರೆಗೆ, ಅಂದಾಜು ಎಷ್ಟು ಮೀಟರ್, ಎಷ್ಟು ಮನೆಗಳಿಗೆ ತೊಂದರೆ ಎಂಬುದು ಅದರಲ್ಲಿರಲಿ. ಜುಲೈ ತಿಂಗಳ ಜಡಿಮಳೆಯಲ್ಲೇ ಫೋಟೊ ತೆಗೆದಿಡಿ. ಜನವರಿಯ ಒಣ ಬೀದಿ ನೋಡಿದರೆ ಯಾವ ಎಂಜಿನಿಯರ್‌ಗೂ ನಿಮ್ಮ ಕಷ್ಟ ಕಾಣದು. ನೀರು ಕೊನೆಗೆ ಎಲ್ಲಿಗೆ ಹೋಗಬೇಕೆಂಬುದನ್ನೂ ಬರೆಯಿರಿ. ಪೇಟೆಯ ಕೊಳೆಯನ್ನು ಇನ್ನೊಬ್ಬರ ಗದ್ದೆಗೋ ಕಾವೇರಿ ಸೇರುವ ತೋಡಿಗೋ ಬಿಡುವ ಚರಂಡಿಯನ್ನು ಯಾರೂ ಕೇಳಬಾರದು, ಯಾರೂ ಕಟ್ಟಲೂ ಬಾರದು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಈಗ ವಾರ್ಡ್ ಸಭೆ, ಅಂದರೆ ನಿಮ್ಮ ವಾರ್ಡಿನ ಮತದಾರರ ಸಭೆ. ಎಲ್ಲರ ಕಣ್ಣೂ ಗ್ರಾಮಸಭೆಯ ಮೇಲಿರುತ್ತದೆ, ಗದ್ದಲವೂ ಅಲ್ಲೇ. ಆದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ಆದ್ಯತಾ ಪಟ್ಟಿ ಮೊಳಕೆಯೊಡೆಯುವುದು ವಾರ್ಡ್ ಸಭೆಯಲ್ಲಿ. ನಿಮ್ಮ ಅರ್ಜಿಯನ್ನು ಅಲ್ಲಿ ಓದಿಸಿ, ಪಟ್ಟಿಗೆ ಸೇರಿಸಿ, ನಡಾವಳಿಯಲ್ಲಿ ಬರೆದದ್ದನ್ನು ನೋಡಿಯೇ ಸಹಿ ಹಾಕಿ.

ಸಭೆಯ ಹೊತ್ತಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಜಿಲ್ಲೆಯಲ್ಲಿ ಕಾಫಿ ಕೊಯ್ಲು ಜೋರಾಗಿರುವ ತಿಂಗಳುಗಳಲ್ಲಿ ವಾರದ ನಡುವೆ ಬೆಳಿಗ್ಗೆ 11ಕ್ಕೆ ಸಭೆ ಇಟ್ಟರೆ ಲೈನ್‌ಮನೆಯವರು ಒಂದು ದಿನದ ಕೂಲಿ ಬಿಟ್ಟು ಬರಬೇಕು. ಬರಲಾಗದವರ ನೀರು, ಶೌಚಾಲಯ, ದಾರಿ ಪಟ್ಟಿಯಿಂದಲೇ ಹೊರಗುಳಿಯುತ್ತವೆ. ತೋಟಕ್ಕೆ ರಜೆ ಇರುವ ದಿನ, ಸಂತೆ ಮುಗಿಸಿ ಬರುವ ಹೊತ್ತಿಗೆ ಸಭೆ ಕರೆಯಿರಿ ಎಂದು ಸದಸ್ಯರಿಗೆ ಮೊದಲೇ ಬರೆದುಕೊಡಿ.

ಗ್ರಾಮಸಭೆಯಲ್ಲಿ ನಿಮ್ಮ ಕೆಲಸ ಪಟ್ಟಿಯಲ್ಲಿ ಇನ್ನೂ ಇದೆಯೇ ಎಂದು ನೋಡಿಕೊಳ್ಳಿ. ಮುಂದಿನ ವರ್ಷದ ಯೋಜನೆ ತಯಾರಿಸುವ ಅಭಿಯಾನ 2018ರಿಂದ ಸಾಮಾನ್ಯವಾಗಿ ಅಕ್ಟೋಬರ್ 2ರ ಹೊತ್ತಿಗೆ ಆರಂಭವಾಗುತ್ತದೆ.

ಹಣದ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. 2021–26ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಡಲಾಗಿತ್ತು. ಹೀಗೆ ಅನುದಾನಕ್ಕೆ ಉದ್ದೇಶ ಗೊತ್ತುಮಾಡಿರುವಾಗ, ಕೆಲಸವನ್ನು ಯಾವ ಬಾಬ್ತಿನಲ್ಲಿ ತೋರಿಸಲಾಗಿದೆ ಎಂಬುದು ಮುಖ್ಯವಾಗುತ್ತದೆ. ಮನೆಗಳ ಬಚ್ಚಲು ನೀರು ಹರಿಯುವ ಚರಂಡಿಯಾದರೆ ಅದನ್ನು ‘ರಸ್ತೆ ಅಭಿವೃದ್ಧಿ’ ಎನ್ನದೆ ನೈರ್ಮಲ್ಯದಡಿ ಸೇರಿಸಲು ಸಾಧ್ಯವೇ ಎಂದು ಪಿಡಿಒ ಅವರನ್ನು ಕೇಳಿ. ಇಲ್ಲವಾದರೆ ಉಳಿಯುವುದು ಮನೆ ತೆರಿಗೆ, ಅಂಗಡಿ ಬಾಡಿಗೆ, ಪರವಾನಗಿ ಶುಲ್ಕದಿಂದ ಬರುವ ಪಂಚಾಯಿತಿಯ ಸ್ವಂತ ಹಣ. ನಿಮ್ಮ ತೆರಿಗೆ ಬಾಕಿ ಇದ್ದರೆ ಮೊದಲು ಕಟ್ಟಿ.

ಕಾಮಗಾರಿ ಮಂಜೂರಾದರೆ ಮಳೆಗಾಲಕ್ಕೆ ಮುನ್ನ ಮುಗಿಸಲು ಬೆನ್ನು ಹತ್ತಿ. ಮುಗಿದ ಮೇಲೆ ಜಮಾಬಂದಿಗೆ ಹೋಗಿ: ಹಿಂದಿನ ಸಾಲಿನ ಲೆಕ್ಕ, ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲಿಸುವ ಈ ಪ್ರಕ್ರಿಯೆ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯಬೇಕು. ಕಡತದಲ್ಲಿರುವ ಉದ್ದಳತೆಯನ್ನು ಕೇಳಿಕೊಂಡು, ಟೇಪು ಹಿಡಿದು ಸ್ಥಳದಲ್ಲೇ ಅಳೆಯಿರಿ. ಕಡತ ತೋರಿಸದಿದ್ದರೆ ₹10 ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನಗಳಲ್ಲಿ ಉತ್ತರ ಬರಬೇಕು.