ಶೆರ್ಜರ್‌ನ ಮಾರಿದ ಜುಲೈ

2021ರ ಜುಲೈ 4. ಹಿತ್ತಲಲ್ಲಿ ಮುಸುಕಿನ ಜೋಳ ಸುಡುತ್ತಾ ಫೋನಿನಲ್ಲಿ ಲೀಗ್ ಪಟ್ಟಿ ತೆಗೆದೆ. 12 ತಂಡಗಳಲ್ಲಿ ನನ್ನದು 9ನೇದು. ಮೊದಲನೆಯವನಿಗೆ 91 ಪಾಯಿಂಟ್, ನನಗೆ 52. ಜೋಳ ಕರಕಲಾಯಿತು.

ಇದು ಫ್ಯಾಂಟಸಿ ಬೇಸ್‌ಬಾಲ್. ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ತಂಡ ಕಟ್ಟುತ್ತೇವೆ, ಅವರು ಮೈದಾನದಲ್ಲಿ ಆಡಿದ ಹಾಗೆ ನಮಗೆ ಪಾಯಿಂಟ್. ಡ್ರೀಮ್ ಇಲೆವೆನ್ ಆಡಿದವರಿಗೆ ಅಂದಾಜು ಸಿಗುತ್ತದೆ. ಆದರೆ ಇದು ಒಂದು ದಿನದ ಆಟವಲ್ಲ, ಇಡೀ ಸೀಸನ್ನಿನದು. ನಮ್ಮದು ಕೀಪರ್ ಲೀಗ್. ವರ್ಷದ ಕೊನೆಗೆ 6 ಜನರನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬಹುದು. ಆದರೆ ಒಬ್ಬನನ್ನು 3 ವರ್ಷಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ವರ್ಜೀನಿಯಾದ ನಮ್ಮ ಆಫೀಸಿನವರು 12 ಜನ ಆಡುತ್ತೇವೆ. ಕನ್ನಡದವನು ನಾನೊಬ್ಬನೇ.

ನನ್ನ ತಂಡದ ಮುಖ್ಯ ಪಿಚರ್ (ಚೆಂಡು ಎಸೆಯುವವನು) ಮ್ಯಾಕ್ಸ್ ಶೆರ್ಜರ್, ನಮ್ಮೂರ ಪಕ್ಕದ ವಾಷಿಂಗ್ಟನ್ ನ್ಯಾಷನಲ್ಸ್ ತಂಡದವನು. ನನ್ನ ಹತ್ತಿರ ಅವನ 3ನೇ ವರ್ಷ ಅದು, ಅಂದರೆ ಕೊನೆಯದು. ತಮಾಷೆ ಅಂದ್ರೆ ನಿಜವಾದ ತಂಡದಲ್ಲೂ ಅದೇ ಕಥೆ. 2015ರಲ್ಲಿ 7 ವರ್ಷಕ್ಕೆ 21 ಕೋಟಿ ಡಾಲರ್ ಕೊಟ್ಟು ತಂದಿದ್ದರು, ಆ ಒಪ್ಪಂದವೂ ಅದೇ ವರ್ಷ ಮುಗಿಯುತ್ತಿತ್ತು. ವಯಸ್ಸು 37 ಆಗುವುದರಲ್ಲಿತ್ತು.

ಬೇಸ್‌ಬಾಲ್‌ನಲ್ಲಿ ಜುಲೈ ಕೊನೆ ಬಂತೆಂದರೆ ಟ್ರೇಡ್ ಗಡುವು, ಅಂದರೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಕೊನೆ ದಿನ. ಗೆಲ್ಲುವ ಆಸೆ ಇರುವವರು ಕೊಳ್ಳುತ್ತಾರೆ, ಇಲ್ಲದವರು ಮಾರುತ್ತಾರೆ. ದುಡ್ಡಿಗಲ್ಲ, ಎಳೆ ಹುಡುಗರಿಗೆ. ಎರಡು ತಿಂಗಳ ಮಟ್ಟಿಗೆ ಹೋಗುವ ಹಿರಿಯನನ್ನು ಇಲ್ಲಿ ಬಾಡಿಗೆ ಆಟಗಾರ ಅನ್ನುತ್ತಾರೆ. ಐಪಿಎಲ್ ನೋಡುವ ನಮಗೆ ಆಟಗಾರನನ್ನು ಬಿಟ್ಟುಕೊಡುವ ನೋವು ಹೊಸದೇನಲ್ಲ. ಆರ್‌ಸಿಬಿ ಬಿಟ್ಟ ಚಹಲ್ 2022ರಲ್ಲಿ ರಾಜಸ್ಥಾನಕ್ಕೆ 27 ವಿಕೆಟ್ ತೆಗೆದ. ಆದರೆ ಸೀಸನ್ ನಡುವೆಯೇ, ಅಭಿಮಾನಿಗಳ ಕಣ್ಣೆದುರೇ, ತಂಡದ ಜೀವಾಳವನ್ನೇ ಎದುರಾಳಿಗೆ ಒಪ್ಪಿಸುವುದಿದೆಯಲ್ಲ, ಅದು ಬೇರೆ ಥರದ್ದು.

ಜುಲೈ ಎರಡನೇ ವಾರ ಒಂದು ಹಾಳೆ ತೆಗೆದುಕೊಂಡು ಲೆಕ್ಕಕ್ಕೆ ಕೂತೆ. ನಮ್ಮ ಲೀಗ್‌ನಲ್ಲಿ 10 ವಿಭಾಗ: ಹೋಮ್ ರನ್ (ನಮ್ಮ ಸಿಕ್ಸರ್ ಥರ), ಸ್ಟ್ರೈಕ್‌ಔಟ್ (ಪಿಚರ್ ಮೂರು ಸ್ಟ್ರೈಕ್ ಎಸೆದು ಬ್ಯಾಟರ್‌ನನ್ನು ಔಟ್ ಮಾಡುವುದು), ಹೀಗೆ. ಒಂದೊಂದರಲ್ಲೂ ನನ್ನ ಮುಂದಿರುವವನಿಗೂ ನನಗೂ ಎಷ್ಟು ಅಂತರ ಎಂದು ಬರೆದೆ. ಶೆರ್ಜರ್‌ಗೆ ಉಳಿದಿದ್ದು ಹೆಚ್ಚೆಂದರೆ 13 ಪಂದ್ಯ. ಅವನು ಎಲ್ಲದರಲ್ಲೂ ಅದ್ಭುತವಾಗಿ ಎಸೆದರೂ ನಾನು 9ರಿಂದ 6ಕ್ಕೆ ಏರಬಹುದು, ಅಷ್ಟೇ. ನಮ್ಮಲ್ಲಿ ಬಹುಮಾನ ಮೊದಲ ಮೂವರಿಗೆ ಮಾತ್ರ. 6 ಆದರೂ ಸೊನ್ನೆ, 9 ಆದರೂ ಸೊನ್ನೆ. ಅದೇ ಮೊದಲ ಸ್ಥಾನದವನಿಗೆ ಎರಡನೆಯವನ ಮೇಲೆ ಇದ್ದಿದ್ದು ಬರೀ 4 ಪಾಯಿಂಟ್ ಮುನ್ನಡೆ. ಅದೇ 13 ಪಂದ್ಯ ಅವನಿಗೆ ಕಪ್ ಗೆಲ್ಲಿಸಬಹುದಿತ್ತು. ಮಾರುವ ನಿರ್ಧಾರ ಹಾಳೆಯ ಮೇಲೆ ಹತ್ತೇ ನಿಮಿಷದಲ್ಲಿ ಆಯಿತು.

ತಲೆಯಲ್ಲಿ ಆಗಬೇಕಲ್ಲ! ನನ್ನನ್ನು ಹಿಡಿದು ನಿಲ್ಲಿಸಿದ್ದು 2019. ಆ ವರ್ಷ ಮೇ ತಿಂಗಳಲ್ಲಿ ನ್ಯಾಷನಲ್ಸ್ 50 ಪಂದ್ಯದಲ್ಲಿ 31 ಸೋತಿತ್ತು. ಶೆರ್ಜರ್‌ನ ಮಾರಿ, ಬ್ಯಾಟರ್ ರೆಂಡನ್‌ನ ಮಾರಿ ಎಂದು ಊರೆಲ್ಲ ಮಾತು. ಅವರು ಮಾರಲಿಲ್ಲ. ಅಕ್ಟೋಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ 7ನೇ ಪಂದ್ಯ ಗೆದ್ದು ವರ್ಲ್ಡ್ ಸೀರೀಸ್, ಅಂದರೆ ವರ್ಷದ ಚಾಂಪಿಯನ್ ಪಟ್ಟ, ತಂದರು. ಅದನ್ನು ಕಣ್ಣಾರೆ ನೋಡಿದವನಿಗೆ ಆಸೆ ಬಿಡುವುದು ಸುಲಭವಲ್ಲ. 2021ರ ಜೂನ್‌ನಲ್ಲೂ ನ್ಯಾಷನಲ್ಸ್‌ನ ಕೈಲ್ ಶ್ವಾರ್ಬರ್ 18 ಪಂದ್ಯದಲ್ಲಿ 16 ಹೋಮ್ ರನ್ ಹೊಡೆದು ಅದೇ ಆಸೆ ಹುಟ್ಟಿಸಿದ್ದ. ಜುಲೈ 2ರಂದು ಅವನ ತೊಡೆಯ ಸ್ನಾಯು ಹಿಡಿದುಕೊಂಡಿತು, ಆಮೇಲೆ ತಂಡವೂ ಕುಸಿಯಿತು.

ಜುಲೈ 18ಕ್ಕೆ ಮೊದಲ ಸ್ಥಾನದವನು ಬೆಲೆ ಹೇಳಿದ. ಶೆರ್ಜರ್‌ಗೆ ಬದಲಾಗಿ ಸಿಯಾಟಲ್‌ನ ಕಿರಿಯರ ತಂಡದಲ್ಲಿದ್ದ ಹೂಲಿಯೋ ರೊಡ್ರಿಗೆಜ್, ಜೊತೆಗೆ ಶಿಕಾಗೋ ವೈಟ್ ಸಾಕ್ಸ್‌ನ ಪಿಚರ್ ಡಿಲನ್ ಸೀಸ್. ಒಳ್ಳೆ ಬೆಲೆ. ಆದ್ರೂ ನಾನು ‘ಒಂದು ವಾರ ಇರಪ್ಪಾ’ ಅಂದೆ. ಇನ್ನೊಬ್ಬ ಕೇಳಬಹುದು, ಬೆಲೆ ಏರಬಹುದು ಎಂಬ ದುರಾಸೆ.

ಜುಲೈ 24. ಟ್ರೈಸೆಪ್ಸ್ ನೋವೆಂದು ಶೆರ್ಜರ್ ಅಂದು ಎಸೆಯುವುದಿಲ್ಲ ಎಂಬ ಸುದ್ದಿ ಬಂತು. ಐದೇ ನಿಮಿಷಕ್ಕೆ ಮೊದಲ ಸ್ಥಾನದವನ ಮೆಸೇಜು: ‘ಸೀಸ್ ಇಲ್ಲ. ಹೂಲಿಯೋ ಮಾತ್ರ.’ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಜುಲೈ 29ರಂದು ಫಿಲಡೆಲ್ಫಿಯಾದಲ್ಲಿ ಶೆರ್ಜರ್ 6 ಇನ್ನಿಂಗ್ಸ್ ಎಸೆದು ಒಂದೇ ರನ್ ಕೊಟ್ಟ. ತೋಳು ಸರಿಯಿದೆ ಎಂದು ಗೊತ್ತಾದ ತಕ್ಷಣ ಒಪ್ಪಿಗೆ ಒತ್ತಿದೆ. ಅದೇ ರಾತ್ರಿ ಇನ್ನೊಂದು ಸುದ್ದಿ: ನ್ಯಾಷನಲ್ಸ್ ಕೂಡ ಅವನನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಕೊಡುತ್ತಿದೆ! ಜೊತೆಗೆ ತಂಡದ ಇನ್ನೊಬ್ಬ ತಾರೆ ಟ್ರೇ ಟರ್ನರ್. ಬದಲಿಗೆ ಬಂದವರು ಎಳೆ ಹುಡುಗರು: ಕೀಬರ್ಟ್ ರೂಯಿಜ್, ಜೊಸಾಯಾ ಗ್ರೇ, ಇನ್ನಿಬ್ಬರು. ಟರ್ನರ್ ಮೇಲೆ ತಂಡದ ಹಕ್ಕು ಮುಂದಿನ ವರ್ಷಕ್ಕೂ ಇತ್ತು. ಬಾಡಿಗೆ ಆಟಗಾರನ ಜೊತೆ ಅಂಥವನನ್ನೂ ಕಟ್ಟಿ ಕೊಟ್ಟಿದ್ದಕ್ಕೇ ಆ ಬೆಲೆ ಸಿಕ್ಕಿತು ಎಂದು ನನ್ನ ಅನಿಸಿಕೆ.

ಒಂದು ವ್ಯತ್ಯಾಸ ಉಂಟು. ಮೇಜರ್ ಲೀಗ್‌ನಲ್ಲಿ 10 ವರ್ಷ ಆಡಿ, ಕೊನೆಯ 5 ವರ್ಷ ಒಂದೇ ತಂಡದಲ್ಲಿದ್ದವನನ್ನು ಅವನ ಒಪ್ಪಿಗೆ ಇಲ್ಲದೆ ಕಳಿಸುವ ಹಾಗಿಲ್ಲ. ಶೆರ್ಜರ್‌ಗೆ ಆ ಹಕ್ಕಿತ್ತು, ಅವರು ಅವನನ್ನು ಕೇಳಬೇಕಾಯಿತು. ನನ್ನನ್ನು ಕೇಳುವವರು ಯಾರೂ ಇರಲಿಲ್ಲ ಅಂದುಕೊಂಡಿದ್ದೆ. ಬೆಳಿಗ್ಗೆ ಶೆರ್ಜರ್‌ನ 31ನೇ ನಂಬರಿನ ಟೀಶರ್ಟ್ ಹಾಕಿಕೊಂಡೇ ಇಡ್ಲಿ ತಿನ್ನಲು ಕೂತ ಮಗ ತಲೆ ಎತ್ತಿ ಕೇಳಿದ: ‘ಅಪ್ಪಾ, ನೀನೂ ಮಾರಿಬಿಟ್ಯಾ?’ ಚಟ್ನಿ ಬಡಿಸಿದೆ, ಉತ್ತರ ಕೊಡಲಿಲ್ಲ.

ನನ್ನ ತಂಡದ ಬ್ಯಾಟರ್ ನೆಲ್ಸನ್ ಕ್ರೂಜ್ ವಿಷಯದಲ್ಲಂತೂ ಪೂರ್ತಿ ಎಡವಿದೆ. 41 ವರ್ಷದವನು, ಮಿನ್ನೆಸೋಟಾದಲ್ಲಿ 19 ಹೋಮ್ ರನ್ ಹೊಡೆದಿದ್ದ. ಜುಲೈ 22ರಂದು ಟ್ಯಾಂಪಾಗೆ ಹೋದಾಗ, ಗೆಲ್ಲುವ ತಂಡ ಸೇರಿದ್ದಾನೆ, ಇನ್ನೂ ಚೆನ್ನಾಗಿ ಆಡ್ತಾನೆ, ಆಮೇಲೆ ಮಾರೋಣ ಎಂದು ಸುಮ್ನೆ ಕೂತೆ. ಅಲ್ಲಿ ಅವನ ಬ್ಯಾಟಿಂಗ್ ಸರಾಸರಿ .226ಕ್ಕೆ ಇಳಿಯಿತು, ಅಂದರೆ 100 ಸಲ ಬ್ಯಾಟ್ ಹಿಡಿದರೆ 23 ಹಿಟ್ ಕೂಡ ಇಲ್ಲ. ಮಾರೋಣ ಅನ್ನುವಷ್ಟರಲ್ಲಿ ಕೇಳುವವರೇ ಇರಲಿಲ್ಲ.

ಸೆಪ್ಟೆಂಬರ್ 12ರ ಭಾನುವಾರ ಡಾಡ್ಜರ್ಸ್ ಅಂಗಿಯಲ್ಲಿ ಶೆರ್ಜರ್ ತನ್ನ 3000ನೇ ಸ್ಟ್ರೈಕ್‌ಔಟ್ ಪಡೆದ. 8ನೇ ಇನ್ನಿಂಗ್ಸ್‌ವರೆಗೂ ಒಬ್ಬನೂ ಬೇಸ್ ಮುಟ್ಟಿರಲಿಲ್ಲ. ಫೋನು ಟಿಣ್ ಅಂದಿತು. ಮೊದಲ ಸ್ಥಾನದವನು ಬರೀ ‘3000’ ಎಂದು ಕಳಿಸಿದ್ದ. ನಾನು ‘.362’ ಎಂದು ಮರಳಿಸಿದೆ. ಅದು ಡಬಲ್ ಎ ಎಂಬ ಕಿರಿಯರ ಹಂತದಲ್ಲಿ ಹೂಲಿಯೋನ ಬ್ಯಾಟಿಂಗ್ ಸರಾಸರಿ.

ಮೊದಲ ಸ್ಥಾನದವನೇ ಕಪ್ ಗೆದ್ದ. ನಾನು 10ನೇ ಸ್ಥಾನದಲ್ಲಿ ಮುಗಿಸಿದೆ. 2022ರಲ್ಲಿ ಹೂಲಿಯೋ 28 ಹೋಮ್ ರನ್ ಹೊಡೆದು, 25 ಬೇಸ್ ಕದ್ದು (ಪಿಚರ್ ಎಸೆಯುವಷ್ಟರಲ್ಲಿ ಮುಂದಿನ ಬೇಸ್‌ಗೆ ಓಡಿ), ವರ್ಷದ ಹೊಸ ಆಟಗಾರನಾದ. ನಾನು 3ನೇ ಸ್ಥಾನಕ್ಕೆ ಬಂದೆ. ಅದೇ ವರ್ಷ ನ್ಯಾಷನಲ್ಸ್ 107 ಪಂದ್ಯ ಸೋತಿತು. ಡಿಲನ್ ಸೀಸ್? 2.20 ಇಆರ್‌ಎ (9 ಇನ್ನಿಂಗ್ಸ್‌ಗೆ ಪಿಚರ್ ಕೊಟ್ಟ ರನ್ನಿನ ಸರಾಸರಿ, ಕಡಿಮೆ ಇದ್ದಷ್ಟೂ ಒಳ್ಳೆಯದು), ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯಲ್ಲಿ ಎರಡನೆಯವನು. ಅವನು ಎಸೆಯುವ ದಿನ ನಮ್ಮ ಮನೆಯಲ್ಲಿ ಟಿವಿ ಹಾಕುತ್ತಿರಲಿಲ್ಲ.