4,000 ಪ್ರತಿಯಿಂದ 1,400ಕ್ಕೆ ಇಳಿದು ಉಳಿದುಕೊಂಡ ಸಂಗೀತ ಪತ್ರಿಕೆ: ನನ್ನ ಅನುಭವ

ಮಾಸಿಕವನ್ನು ತ್ರೈಮಾಸಿಕ ಮಾಡುತ್ತೇನೆ, ಅಂಗಡಿಗಳಿಂದ ಪೂರ್ತಿ ಎತ್ತಿಬಿಡುತ್ತೇನೆ, ಆಲ್ಬಂ ಹೊರತರುವ ಕಂಪನಿಗಳಾದ ದೊಡ್ಡ ಲೇಬಲ್‌ಗಳ ಜಾಹೀರಾತು ಬೇಡ ಅನ್ನುತ್ತೇನೆ ಎಂದಾಗ ನಗದೇ ಇದ್ದವರು ಇಬ್ಬರೇ. ಒಬ್ಬರು ನಮ್ಮ ಪ್ರೆಸ್ಸಿನ ಮಾಲೀಕರು. ನನ್ನಿಂದ ಅವರಿಗೆ ಮೂರು ಸಂಚಿಕೆಯ ಬಾಕಿ ಬರಬೇಕಿತ್ತು, ನಗುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಇನ್ನೊಬ್ಬಳು ಲೆಕ್ಕ ನೋಡುವ ನನ್ನ ತಂಗಿ. "ಹೇಗೂ ಮುಳುಗ್ತಾ ಇದೆ ಅಣ್ಣ, ಕಮ್ಮಿ ಪ್ರತಿ ಹಾಕಿ ಮುಳುಗಿಸು, ಪೇಪರ್ ಖರ್ಚಾದ್ರೂ ಉಳಿಯುತ್ತೆ" ಅಂದಳು.

ಈಗ 19ನೇ ತ್ರೈಮಾಸಿಕ ಸಂಚಿಕೆ ಅಂಚೆಗೆ ಹೋಗಿದೆ. ಪ್ರೆಸ್ಸಿಗೆ ಬಾಕಿ ಇಲ್ಲ. ನಕ್ಕವರಲ್ಲಿ ನಾಲ್ಕು ಜನ "ಹೇಗೆ ಮಾಡಿದ್ರಿ" ಅಂತ ಕೇಳಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಹಳೆಯ ಲೆಕ್ಕ ಮೊದಲು. ತಿಂಗಳಿಗೆ 4,000 ಪ್ರತಿ ಅಚ್ಚು ಹಾಕಿಸುತ್ತಿದ್ದೆವು. ಚಂದಾದಾರರು 430. ಅಂಗಡಿಗಳಲ್ಲಿ 1,300 ಹೋದರೆ ಒಳ್ಳೆಯ ತಿಂಗಳು. ಹತ್ತಿರ ಹತ್ತಿರ 2,200 ವಾಪಸ್ ಬರುತ್ತಿತ್ತು. ವಾಪಸ್ ಅಂದರೆ ಪತ್ರಿಕೆ ಅಲ್ಲ, ಹರಿದ ಮುಖಪುಟಗಳ ಕಟ್ಟು. ಒಳಪುಟಗಳು ರದ್ದಿಗೆ. ಮಾರಾಟವಾದದ್ದರಲ್ಲಿ ನೂರಕ್ಕೆ 45 ವಿತರಕರಿಗೆ. ಉಳಿದದ್ದು 90 ದಿನದಲ್ಲಿ ಬರಬೇಕು, ಬರುತ್ತಿದ್ದದ್ದು 150 ದಿನಕ್ಕೆ. ಅಷ್ಟರಲ್ಲಿ ಇನ್ನೈದು ಸಂಚಿಕೆ ಅಚ್ಚಾಗಿರುತ್ತಿತ್ತು.

ಹಾಗಾದರೆ 4,000 ಯಾಕೆ? ಪ್ಲೇಟಿನ ಖರ್ಚು, ಮಷಿನ್ ಹೊಂದಿಸುವ ಖರ್ಚು ಎಷ್ಟೇ ಪ್ರತಿಗೂ ಒಂದೇ ಅಲ್ವಾ, "ಇನ್ನೊಂದು ಸಾವಿರ ಹಾಕಿಸಿ, ಪೇಪರ್ ದುಡ್ಡಷ್ಟೇ" ಅನ್ನುವ ಮಾತಿಗೆ ನಾವೆಲ್ಲ ಬಿದ್ದಿದ್ದೇವೆ. ಆದರೆ ನಿಜವಾದ ಕಾರಣ ಅದಲ್ಲ. ಜಾಹೀರಾತಿನ ದರಪಟ್ಟಿಯ ಮೇಲೆ 4,000 ಎಂದು ಬರೆಯಬೇಕಿತ್ತು. ಆದಾಯದಲ್ಲಿ ನೂರಕ್ಕೆ 62 ಜಾಹೀರಾತಿನದು. ಆ 2,200 ಪ್ರತಿಯನ್ನು ಯಾರೂ ಓದುವುದಿಲ್ಲ ಎಂದು ಗೊತ್ತಿದ್ದೇ ಅಚ್ಚು ಹಾಕಿಸುತ್ತಿದ್ದೆ. ಈ ಮಾತು ತಂಗಿಗೆ ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು.

ದುಡ್ಡು ಹೋಗಿದ್ದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ನಮ್ಮ ಪತ್ರಿಕೆಗೆ ಒಂದು ಗುಣ ಇತ್ತು. ಒಂದು ಆಲ್ಬಂ ಬಗ್ಗೆ 1,500 ಪದ. ಕನಿಷ್ಠ ಐದು ಸಲ ಕೇಳದೆ ಬರೆಯುವಂತಿಲ್ಲ. ಡ್ರಮ್ಸ್ ಯಾರು ನುಡಿಸಿದರು, ಯಾವ ಕೋಣೆಯಲ್ಲಿ ರೆಕಾರ್ಡ್ ಆಯಿತು, ಮಿಕ್ಸ್ ಯಾರದು, ಎಲ್ಲ ಇರಬೇಕು. ನಕ್ಷತ್ರ ಕೊಡುವುದಿಲ್ಲ. ಕೆಟ್ಟದ್ದನ್ನು ಕೆಟ್ಟದ್ದು ಅನ್ನುತ್ತೇವೆ. ಹೀಗಿದ್ದಾಗ ಒಂದು ದೊಡ್ಡ ಲೇಬಲ್‌ನವರು ಬಂದರು. ವರ್ಷಪೂರ್ತಿ ಹಿಂಬದಿ ಪುಟ ತೆಗೆದುಕೊಳ್ಳುತ್ತೇವೆ, ನಮ್ಮ ಹೊಸ ಗಾಯಕನನ್ನು ಮುಖಪುಟಕ್ಕೆ ಹಾಕಿ ಅಂದರು. ಹಾಕಿದೆ. ಸಂದರ್ಶನಕ್ಕೆ ಸಿಕ್ಕಿದ್ದು 20 ನಿಮಿಷ, ಪಕ್ಕದಲ್ಲಿ ಅವರ ಪ್ರಚಾರದವರು ಕೂತಿದ್ದರು. ಅದನ್ನು ಎಳೆದು ಆರು ಪುಟ ಮಾಡಿದೆವು.

ಆ ಸಂಚಿಕೆಯನ್ನು ಒಬ್ಬ ಚಂದಾದಾರರು ವಾಪಸ್ ಕಳಿಸಿದರು. ನಿವೃತ್ತ ಸೌಂಡ್ ಎಂಜಿನಿಯರ್. ಪತ್ರ ಇಲ್ಲ, ಬೈಗುಳ ಇಲ್ಲ. ನಮ್ಮದೇ ನಾಲ್ಕು ವರ್ಷ ಹಳೆಯ ಸಂಚಿಕೆಯೊಂದರ ವಿಮರ್ಶೆಯ ಎರಡು ಹಾಳೆ ಕತ್ತರಿಸಿ ಅದಕ್ಕೆ ಪಿನ್ ಮಾಡಿದ್ದರು. ನಾನು ಬರೆದದ್ದೇ. ಓದಿದೆ. ನಾಲ್ಕು ವರ್ಷದಲ್ಲಿ ನನ್ನ ಕಿವಿ ಎಷ್ಟು ಮಂದವಾಗಿದೆ ಅಂತ ಗೊತ್ತಾಯಿತು.

ಆದರೂ ತಕ್ಷಣ ಬುದ್ಧಿ ಬರಲಿಲ್ಲ. ಅದಾದ ಮೇಲೆ ಒಂದೂವರೆ ವರ್ಷ ಅಡ್ಡದಾರಿ ಹಿಡಿದೆ. "ಉಚಿತವಾಗಿ ಹಂಚು, ಪ್ರಸಾರ ಏರುತ್ತೆ, ಜಾಹೀರಾತು ಹಿಂದೆ ಬರುತ್ತೆ" ಅಂದರು ಒಬ್ಬ ಗೆಳೆಯ. 1952ರಿಂದ ಬರುತ್ತಿದ್ದ ಬ್ರಿಟನ್ನಿನ ಸಂಗೀತ ವಾರಪತ್ರಿಕೆ ಎನ್‌ಎಂಇ ಮಾಡಿದ್ದೂ ಅದನ್ನೇ. 2015ರಲ್ಲಿ ಉಚಿತವಾಯಿತು, ವಾರಕ್ಕೆ ಸುಮಾರು 3 ಲಕ್ಷ ಪ್ರತಿ ಹಂಚಿತು, 2018ರ ಮಾರ್ಚ್‌ನಲ್ಲಿ ಆ ವಾರಪತ್ರಿಕೆಯ ಅಚ್ಚೇ ನಿಂತಿತು. ಅಷ್ಟು ಹಳೆಯ ಹೆಸರಿಗೇ ಆಗದ್ದು ನನಗೆ ಆಗುತ್ತದೆಯೇ? ಉಚಿತ ಬೇಡ ಅಂದೆ. ಆದರೆ ವೆಬ್‌ಸೈಟಿನಲ್ಲಿ ಅದೇ ತಪ್ಪನ್ನು ಬೇರೆ ವೇಷದಲ್ಲಿ ಮಾಡಿದೆ. "ಕೇಳಲೇಬೇಕಾದ 10 ಗಿಟಾರ್ ಸೋಲೋ" ಥರದ ಪಟ್ಟಿಗಳು. ಓದುವವರು ಮೂರು ಪಟ್ಟು ಏರಿದರು. ಅವರಲ್ಲಿ ಚಂದಾ ಕೊಟ್ಟವರು ಎಂಟು ತಿಂಗಳಿಗೆ 11 ಜನ. ಜಾಹೀರಾತಿನ ಹಣ ಸರ್ವರ್ ಬಾಡಿಗೆಗೇ ಸರಿಹೋಯಿತು. ಟೀ ಶರ್ಟ್ ಮಾಡಿಸಿದೆವು, ಎಲ್ಲರಿಗೂ ಎಲ್ ಸೈಜೇ ಬೇಕಾಗುತ್ತದೆ ಅಂದುಕೊಂಡು. ಬೇಕಾಗಲಿಲ್ಲ. ಆ ಕಥೆ ಇಲ್ಲಿಗೇ ಸಾಕು.

ಕೊಂಡುಕೊಳ್ಳುತ್ತೇವೆ ಅಂತಲೂ ಒಬ್ಬರು ಬಂದಿದ್ದರು. ಮೊತ್ತ ನೋಡಿ ಒಂದು ರಾತ್ರಿ ನಿದ್ದೆ ಬರಲಿಲ್ಲ. ಪಿಚ್‌ಫೋರ್ಕ್ ಎಂಬ ಅಮೆರಿಕದ ಆನ್‌ಲೈನ್ ಸಂಗೀತ ಪತ್ರಿಕೆ ನೆನಪಿಗೆ ಬಂತು. 2015ರಲ್ಲಿ ಕಾಂಡೆ ನಾಸ್ಟ್ ಎಂಬ ದೊಡ್ಡ ಪತ್ರಿಕಾ ಕಂಪನಿ ಅದನ್ನು ಕೊಂಡಾಗ ಎಲ್ಲರೂ ಗೆಲುವು ಅಂದಿದ್ದರು. 2024ರ ಜನವರಿಯಲ್ಲಿ ಅದನ್ನು ಜಿಕ್ಯೂ ಎಂಬ ಗಂಡಸರ ಪತ್ರಿಕೆಯ ಕೆಳಗೆ ಸೇರಿಸಿದರು, ಹಲವರ ಕೆಲಸ ಹೋಯಿತು. ನಾನು ಬೇಡ ಅಂದಾಗ ಇದಿನ್ನೂ ಆಗಿರಲಿಲ್ಲ, ಹಾಗಾಗಿ ದೂರದೃಷ್ಟಿ ಅಂತ ಹೇಳಿಕೊಳ್ಳಲಾರೆ. ಸುಮ್ನೆ ಹಟ. ನನ್ನ ಕಣ್ಣ ಮುಂದಿದ್ದ ಮಾದರಿ ಬೇರೆ. 1982ರಲ್ಲಿ ಶುರುವಾದ ಬ್ರಿಟನ್ನಿನ ಸಂಗೀತ ಪತ್ರಿಕೆ ದಿ ವೈರ್ ಅನ್ನು 2000ದ ಕೊನೆಗೆ ಅದರ ಸಿಬ್ಬಂದಿಯೇ ಸೇರಿ ಕೊಂಡರು. ಯಾರಿಗೂ ಸುಲಭವಾಗಿ ಹಿಡಿಸದ ಸಂಗೀತದ ಬಗ್ಗೆ ಬರೆದುಕೊಂಡೇ ಅದು ನಡೆಯುತ್ತಿದೆ. ಅಮೆರಿಕದ ಸಂಗೀತ ಪತ್ರಿಕೆ ನೋ ಡಿಪ್ರೆಶನ್ 2008ರಲ್ಲಿ ಅಚ್ಚು ನಿಲ್ಲಿಸಿ, 2015ರಲ್ಲಿ ಮರಳಿ ಬಂದು, ಜಾಹೀರಾತಿಲ್ಲದ ದಪ್ಪ ತ್ರೈಮಾಸಿಕವಾಯಿತು. ತ್ರೈಮಾಸಿಕದ ಧೈರ್ಯ ಬಂದದ್ದು ಅಲ್ಲಿಂದ.

ಮಾಡಿದ್ದು ಇಷ್ಟು. 430 ಚಂದಾದಾರರಿಗೂ ನಾನೇ ಕೂತು ಪತ್ರ ಬರೆದೆ. ಬಾಕಿ ಎಷ್ಟಿದೆ, ವಾಪಸ್ ಎಷ್ಟು ಬರುತ್ತದೆ, ಆ ಮುಖಪುಟ ಹೇಗೆ ಬಂತು, ಎಲ್ಲ ಹೇಳಿದೆ. ವರ್ಷಕ್ಕೆ ನಾಲ್ಕು ಸಂಚಿಕೆ, ಬೆಲೆ ಹಳೆಯ ವಾರ್ಷಿಕ ಚಂದಾದಷ್ಟೇ. ಅಂದರೆ ಒಂದು ಪ್ರತಿಗೆ ಮೂರು ಪಟ್ಟು. ಇಂಥ ದಿನದೊಳಗೆ 800 ಜನ ಹಣ ಕಟ್ಟಿದರೆ ಮಾತ್ರ ಅಚ್ಚು, ಇಲ್ಲದಿದ್ದರೆ ಹಣ ವಾಪಸ್ ಅಂದೆ.

ಗಡುವಿನ ದಿನ ಬಂದಿದ್ದು 611.

ಇದನ್ನು ಯಶಸ್ಸಿನ ಕಥೆ ಎಂದು ಹೇಳುವವರು ಈ ಭಾಗ ಬಿಟ್ಟುಬಿಡುತ್ತಾರೆ. ಮಾತಿನ ಪ್ರಕಾರ ಹಣ ವಾಪಸ್ ಕೊಡಬೇಕಿತ್ತು. ಎಲ್ಲ 611 ಜನಕ್ಕೂ ಇನ್ನೊಂದು ಪತ್ರ ಹಾಕಿದೆ: 64ರ ಬದಲು 48 ಪುಟ ಕೊಟ್ಟರೆ ನಡೆಯುತ್ತದೆಯೇ, ಬೇಡವಾದರೆ ಹಣ ಕಳಿಸುತ್ತೇನೆ. ವಾಪಸ್ ಕೇಳಿದವರು 9 ಜನ. 16 ಪುಟದ ಮೂರು ಫಾರಂ (ಮಡಿಸಿದರೆ 16 ಪುಟ ಆಗುವ ದೊಡ್ಡ ಹಾಳೆ), 700 ಪ್ರತಿ, ಸೆಂಟರ್ ಪಿನ್. ಆ ಸಂಚಿಕೆಯಲ್ಲಿ ನಷ್ಟ ಆಯಿತು, ಆದರೆ ಹಳೆಯ ತಿಂಗಳ ನಷ್ಟದ ಆರನೇ ಒಂದು ಭಾಗ. ನಾಲ್ಕನೇ ಸಂಚಿಕೆಗೆ 900 ದಾಟಿದೆವು, 64 ಪುಟಕ್ಕೆ ಮರಳಿದೆವು. ಕೈ ಕಚ್ಚದ ಗೆರೆ 850ರ ಆಸುಪಾಸು. ಈಗ ಚಂದಾದಾರರು 1,180, ಅಚ್ಚಾಗುವುದು 1,400. ಉಳಿದದ್ದು ಹಳೆಯ ಸಂಚಿಕೆ ಕೇಳುವವರಿಗೆ. ಹರಿದ ಮುಖಪುಟದ ಕಟ್ಟು ನೋಡಿ ಐದು ವರ್ಷ ಹತ್ತಿರ ಬಂತು.

ಎರಡನೇ ವರ್ಷ ದೊಡ್ಡ ತಪ್ಪು ಮಾಡಿದೆ. ಚಂದಾ ಹಣ ಒಟ್ಟಿಗೆ ಬಂದಾಗ ಶ್ರೀಮಂತನಾದ ಹಾಗೆ ಅನ್ನಿಸುತ್ತದೆ. ಅದರಲ್ಲೇ 96 ಪುಟದ ವಿಶೇಷ ಸಂಚಿಕೆ ಮಾಡಿದೆ, ದಪ್ಪ ಆರ್ಟ್ ಪೇಪರ್, ಮಡಿಸುವ ಪೋಸ್ಟರ್. ಎಲ್ಲರೂ ಹೊಗಳಿದರು. ಆ ವರ್ಷದ ನಾಲ್ಕನೇ ಸಂಚಿಕೆಗೆ ಪೇಪರ್ ಕೊಳ್ಳಲು ಹಣ ಇರಲಿಲ್ಲ, ತಂಗಿಯ ಉಳಿತಾಯದಿಂದ ಸಾಲ ತೆಗೆದುಕೊಂಡೆ. ಅಂದಿನಿಂದ ಅವಳ ನಿಯಮ: ಚಂದಾ ಹಣಕ್ಕೆ ಬೇರೆ ಖಾತೆ, ಒಂದು ಸಂಚಿಕೆ ಅಂಚೆಗೆ ಬಿದ್ದ ಮೇಲೆ ಕಾಲು ಭಾಗ ಮಾತ್ರ ನನ್ನ ಕೈಗೆ. ಪಾಸ್‌ವರ್ಡ್ ಇವತ್ತಿಗೂ ನನಗೆ ಕೊಟ್ಟಿಲ್ಲ.

ಅಂಚೆ ತೂಕದ ಬಗ್ಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ದರ 200 ಗ್ರಾಂಗೆ ಬದಲಾಗುತ್ತದೆ. ಎ4 ಅಳತೆ, 64 ಪುಟ, ಚದರ ಮೀಟರಿಗೆ 90 ಗ್ರಾಂ ತೂಗುವ, ಅಂದರೆ 90 ಜಿಎಸ್‌ಎಂ ಪೇಪರ್, ಮುಖಪುಟ, ಲಕೋಟೆ ಸೇರಿ 216 ಗ್ರಾಂ ಆಗುತ್ತಿತ್ತು. 16 ಗ್ರಾಂಗಾಗಿ ಮುಂದಿನ ದರ ಕೊಡುತ್ತಿದ್ದೆವು. 80 ಜಿಎಸ್‌ಎಂಗೆ ಇಳಿಸಿದಾಗ 196ಕ್ಕೆ ಬಂತು. ಆದರೆ ಆ ಪೇಪರ್‌ಗೆ ಹೊಳಪಿಲ್ಲ, ಶಾಯಿ ಹೀರುತ್ತದೆ. ವೇದಿಕೆಯ ಫೋಟೋಗಳೆಲ್ಲ ಕಪ್ಪು ಮುದ್ದೆಯಾದವು. ಒಂದು ಸಂಚಿಕೆಯಲ್ಲಿ ಬೇಸ್ ಗಿಟಾರ್ ವಾದಕನೊಬ್ಬ ಪೂರ್ತಿ ಮಾಯವಾಗಿ ಹಲ್ಲು ಮಾತ್ರ ಉಳಿದಿತ್ತು. ನೆರಳಿನ ಭಾಗವನ್ನು ಮೊದಲೇ ತಿಳಿ ಮಾಡಿ ಕಳಿಸಬೇಕು. ಎಷ್ಟು ತಿಳಿ ಅನ್ನುವುದು ನನ್ನ ಹತ್ತಿರವೇ ಇರಲಿ. ಮೂರು ಸಂಚಿಕೆ ಹಾಳುಮಾಡಿ ಕಲಿತದ್ದು.

ಜಾಹೀರಾತು ಪೂರ್ತಿ ಬಿಟ್ಟಿಲ್ಲ. ಆರು ಪುಟ ಇದೆ, ಆದಾಯದಲ್ಲಿ ನೂರಕ್ಕೆ 8. ವಾದ್ಯ ರಿಪೇರಿ ಮಾಡುವವರು, ಚಿಕ್ಕ ಸ್ಟುಡಿಯೋಗಳು, ಚಿಕ್ಕ ಲೇಬಲ್‌ಗಳು. ಎಲ್ಲರಿಗೂ ಒಂದೇ ದರ. ಯಾರ ಆಲ್ಬಂ ವಿಮರ್ಶೆ ಇದೆಯೋ ಆ ಸಂಚಿಕೆಯಲ್ಲಿ ಅವರ ಜಾಹೀರಾತಿಲ್ಲ. ಚಿಕ್ಕವರಾದರೆ ತೊಂದರೆ ಇಲ್ಲ ಅಂದುಕೊಂಡಿದ್ದೆ. ಹಾಗೇನಿಲ್ಲ. ಹತ್ತು ವರ್ಷದ ಸ್ನೇಹ ಇದ್ದ ಒಂದು ಚಿಕ್ಕ ಲೇಬಲ್‌ನ ಆಲ್ಬಂ ಬಗ್ಗೆ, ಹಾಡು ಚೆನ್ನಾಗಿದೆ, ಧ್ವನಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್‌ನಲ್ಲಿ ಜೀವ ಹಿಂಡಿದ್ದಾರೆ ಅಂತ ಬರೆದೆವು. ದೊಡ್ಡ ಲೇಬಲ್‌ನವರು ಇ-ಮೇಲಿಗೆ ಉತ್ತರ ಕೊಡುವುದು ನಿಲ್ಲಿಸುತ್ತಿದ್ದರು, ಅಷ್ಟೇ. ಈ ಚಿಕ್ಕ ಲೇಬಲ್‌ನ ಮಾಲೀಕ ಮನೆಗೇ ಬಂದು ಜಗಳ ಆಡಿದ. ವರ್ಷದ ಎರಡು ಪುಟದ ಹಣ ಹೋಯಿತು. ನೂರಕ್ಕೆ 62 ಇದ್ದಾಗ ಹೀಗಾಗಿದ್ದರೆ ಆ ವಾಕ್ಯ ನಾನೇ ಅಳಿಸುತ್ತಿದ್ದೆ. ನೂರಕ್ಕೆ 8ರಲ್ಲಿ ಅಳಿಸಬೇಕಾಗಿ ಬರಲಿಲ್ಲ.

ಹಾಗಂತ ಬರೀ ನಿಷ್ಠೆಯಿಂದ ಪತ್ರಿಕೆ ನಡೆಯುವುದಿಲ್ಲ. ಅಮೆರಿಕದ ಪಂಕ್ ಸಂಗೀತದ ಪತ್ರಿಕೆ ಮ್ಯಾಕ್ಸಿಮಂ ರಾಕ್‌ಎನ್‌ರೋಲ್ 1982ರಿಂದ ದೊಡ್ಡ ಲೇಬಲ್‌ಗಳನ್ನು ಹತ್ತಿರ ಸೇರಿಸದೆ, ಸ್ವಯಂಸೇವಕರ ಬಲದಲ್ಲಿ ಬಂತು. 2019ರಲ್ಲಿ ಅದರ ಮಾಸಿಕವೂ ನಿಂತಿತು. ಅದಕ್ಕೇ ನಾನು ಬರೆಯುವವರಿಗೆ ಹಣ ಕೊಡುವುದರಲ್ಲಿ ಹಟ ಹಿಡಿದಿದ್ದೇನೆ. ಈಗ ಖರ್ಚಿನಲ್ಲಿ ನೂರಕ್ಕೆ 38 ಪೇಪರ್ ಮತ್ತು ಪ್ರೆಸ್, 17 ಅಂಚೆ, 27 ಲೇಖಕರು ಮತ್ತು ಫೋಟೋಗ್ರಾಫರ್, 10 ನನಗೂ ತಂಗಿಗೂ ಸೇರಿ, ಉಳಿದದ್ದು ಚಿಲ್ಲರೆ. ನಮ್ಮ ಪಾಲು ಕಡಿಮೆ, ಗೊತ್ತು. ನಾನು ಬೆಳಿಗ್ಗೆ ಹೊತ್ತು ಬೇರೆಯವರ ಪುಸ್ತಕಗಳ ಪ್ರೂಫ್ ನೋಡುತ್ತೇನೆ. ಆದರೆ ಲೇಖಕರಿಗೆ ಪ್ರಕಟವಾದ 15 ದಿನದಲ್ಲಿ ಹಣ ತಲುಪುತ್ತದೆ. ನಮಗಿಂತ ಇಪ್ಪತ್ತು ಪಟ್ಟು ದೊಡ್ಡವರು ಇದನ್ನು ಮಾಡುವುದಿಲ್ಲ ಅಂತ ಎದೆ ತಟ್ಟಿ ಹೇಳುತ್ತೇನೆ.

ನಡುವೆ ಒಂದು ಕ್ಯಾಸೆಟ್ ಪ್ರಯೋಗ. ಸಂಚಿಕೆಯಲ್ಲಿ ಬರೆದ ಹತ್ತು ತಂಡಗಳಿಂದ ಒಂದೊಂದು ಹಾಡು ಕೇಳಿ ಪಡೆದು ಸಿ-60ಯಲ್ಲಿ (60 ನಿಮಿಷದ ಟೇಪ್) 150 ಕ್ಯಾಸೆಟ್ ಮಾಡಿದೆವು. ಒಂಬತ್ತು ದಿನದಲ್ಲಿ ಖಾಲಿ. ತಲೆ ತಿರುಗಿ ಮುಂದಿನ ಸಲ 300 ಮಾಡಿಸಿದೆ. 190 ಇನ್ನೂ ಮಂಚದ ಕೆಳಗಿವೆ. ಮೊದಲನೆಯದರಲ್ಲಿ ಬೇರೆಲ್ಲೂ ಸಿಗದ ಹಾಡುಗಳಿದ್ದವು, ಎರಡನೆಯದರಲ್ಲಿ ಎಲ್ಲವೂ ಸ್ಟ್ರೀಮಿಂಗ್‌ನಲ್ಲಿ ಸಿಗುತ್ತಿದ್ದವು. ಅಷ್ಟು ಸಣ್ಣ ವಿಷಯ ಹೊಳೆಯಲಿಲ್ಲ. ಇದಕ್ಕಿಂತ ಲಾಭ ತಂದದ್ದು ಕೇಳುವ ಸಂಜೆಗಳು. 30 ಜನ, ಒಂದು ಆಲ್ಬಂ, ಮೊದಲಿಂದ ಕೊನೆವರೆಗೆ, ಮಧ್ಯೆ ಯಾರೂ ಮಾತಾಡುವಂತಿಲ್ಲ. ಮುಗಿದ ಮೇಲೆ ಜಗಳ. ಪ್ರತಿ ಸಂಜೆ ಆರೇಳು ಹೊಸ ಚಂದಾ ಬರುತ್ತದೆ. ವೆಬ್‌ಸೈಟಿನ ಪಟ್ಟಿಗಳು ಎಂಟು ತಿಂಗಳಲ್ಲಿ ತಂದದ್ದು 11 ಅಂದೆನಲ್ಲ, ಹೋಲಿಸಿ ನೋಡಿ.

ಚಂದಾ ನವೀಕರಣ ನೂರಕ್ಕೆ 78. ಮೊದಲು 50 ದಾಟುತ್ತಿರಲಿಲ್ಲ. ಮೂರು ಪತ್ರ ಕಳಿಸುತ್ತೇನೆ. ಮೊದಲೆರಡು ಎಲ್ಲರೂ ಕಳಿಸುವಂಥವೇ. ಮೂರನೆಯದರಲ್ಲಿ ಏನು ಬರೆಯುತ್ತೇನೆ ಎಂದು ಕೇಳಬೇಡಿ. ರಿಯಾಯಿತಿ ಅಲ್ಲ, ಅಷ್ಟು ಹೇಳಬಲ್ಲೆ. ಆ ಸೌಂಡ್ ಎಂಜಿನಿಯರ್ ಮರಳಿ ಬಂದದ್ದೂ ಮೂರನೇ ಪತ್ರಕ್ಕೇ. ಈಗ ವರ್ಷಕ್ಕೆರಡು ಸಲ ತಪ್ಪು ತೋರಿಸಿ ಕಾರ್ಡ್ ಬರೆಯುತ್ತಾರೆ. ಹೋದ ಸಲ ಒಂದು ಮೈಕ್ರೋಫೋನಿನ ಮಾಡೆಲ್ ತಪ್ಪಿತ್ತು.

19ನೇ ಸಂಚಿಕೆಯ 23 ಲಕೋಟೆ ವಾಪಸ್ ಬಂದು ಮೇಜಿನ ಮೇಲಿವೆ. ಮನೆ ಬದಲಿಸಿದವರು. ತಂಗಿ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದಾಳೆ. ಮಧ್ಯಾಹ್ನದ ಹೊತ್ತಿಗೆ 14 ಹೊಸ ವಿಳಾಸ ಸಿಕ್ಕಿದೆ.