ಈಗಿಲ್ಲದ ತಂಡಕ್ಕೆ ಟೀ ಶರ್ಟ್ ಮಾಡುವುದು: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಓಕ್ಸ್ ಅನ್ನುವ ಬೇಸ್‌ಬಾಲ್ ತಂಡ ಈಗಿಲ್ಲ. 1903ರಲ್ಲಿ ಪೆಸಿಫಿಕ್ ಕೋಸ್ಟ್ ಲೀಗ್ ಶುರುವಾದಾಗಿನಿಂದ ಆಡಿದ ತಂಡ, 1955ರ ಸೀಸನ್ ಮುಗಿದ ಮೇಲೆ ಕೆನಡಾದ ವ್ಯಾಂಕೂವರ್‌ಗೆ ಹೋಯಿತು. ಎಮರಿವಿಲ್‌ನಲ್ಲಿದ್ದ ಅವರ ಮೈದಾನ ಆಮೇಲೆ ನೆಲಸಮ ಆಯಿತು, ಈಗ ಅಲ್ಲೇ ಹತ್ತಿರ ಪಿಕ್ಸಾರ್ ಸ್ಟುಡಿಯೊ ಇದೆ. ನಾನು ಈ ತಂಡದ ಟೀ ಶರ್ಟ್ ಮಾಡುತ್ತೇನೆ. ವಾರವೆಲ್ಲ ಸಾಫ್ಟ್‌ವೇರ್ ಕೆಲಸ, ಶನಿವಾರ ಗ್ಯಾರೇಜಿನಲ್ಲಿ ಸ್ಕ್ರೀನ್ ಪ್ರಿಂಟಿಂಗ್. ಸ್ಕ್ವೀಜಿ, ಅಂದರೆ ಜಾಲರಿ ಮೇಲೆ ಇಂಕ್ ಎಳೆಯುವ ರಬ್ಬರ್ ಪಟ್ಟಿ, ಹಿಡಿಯೋದು ದಾವಣಗೆರೆಯಲ್ಲಿ ಚಿಕ್ಕಪ್ಪನ ಪ್ರೆಸ್‌ನಲ್ಲಿ ಮದುವೆ ಕಾರ್ಡ್ ಹೊಡೆಯುವಾಗ ಕಲಿತಿದ್ದು.

ಓಕ್ಸ್ ಆಡಿದ್ದು ಮೈನರ್ ಲೀಗ್‌ನಲ್ಲಿ, ಅಂದರೆ ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗ್‌ಗಿಂತ ಕೆಳಗಿನ ಹಂತದಲ್ಲಿ. ಮೈನರ್ ಲೀಗ್ ಅಂದರೆ ನಮ್ಮವರು ರಣಜಿ ತರಹ ಅಂದುಕೊಳ್ಳುತ್ತಾರೆ. ಓಕ್ಸ್ ವಿಷಯದಲ್ಲಿ ಅಷ್ಟೇ ಅಲ್ಲ. 1958ರಲ್ಲಿ ಡಾಡ್ಜರ್ಸ್ ಮತ್ತು ಜೈಂಟ್ಸ್ ನ್ಯೂಯಾರ್ಕ್ ಬಿಟ್ಟು ಬರುವವರೆಗೂ ಕ್ಯಾಲಿಫೋರ್ನಿಯಾದಲ್ಲಿ ಮೇಜರ್ ಲೀಗ್ ತಂಡವೇ ಇರಲಿಲ್ಲ. ಈ ಜನಕ್ಕೆ ಓಕ್ಸೇ ದೊಡ್ಡ ತಂಡ. 1948ರಲ್ಲಿ ಕೇಸಿ ಸ್ಟೆಂಗಲ್ ಮ್ಯಾನೇಜರ್ ಆಗಿದ್ದಾಗ 114 ಪಂದ್ಯ ಗೆದ್ದು ಚಾಂಪಿಯನ್ ಆದರು. ವಯಸ್ಸಾದ ಆಟಗಾರರೇ ಜಾಸ್ತಿ ಇದ್ದಿದ್ದರಿಂದ ಪತ್ರಿಕೆಗಳು ‘ಒಂಬತ್ತು ಮುದುಕರು’ ಅಂತ ಕರೆದವು. ಅವರ ಮಧ್ಯೆ ಪಕ್ಕದ ಬರ್ಕ್ಲಿಯ ಇಪ್ಪತ್ತು ವರ್ಷದ ಹುಡುಗ ಬಿಲ್ಲಿ ಮಾರ್ಟಿನ್ ಕೂಡ ಇದ್ದ. ಮರುವರ್ಷ ಸ್ಟೆಂಗಲ್ ನ್ಯೂಯಾರ್ಕ್‌ನ ಯಾಂಕೀಸ್ ತಂಡಕ್ಕೆ ಮ್ಯಾನೇಜರ್ ಆಗಿ ಹೋಗಿ ಸತತ ಐದು ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಫೈನಲ್, ಗೆದ್ದರು.

ಹಾಗಾಗಿ ನಾನು ಹಿಡಿದಿದ್ದು 1948. ಒಂದೇ ವರ್ಷ ಹಿಡಿಯಬೇಕು, ಇದರಲ್ಲಿ ನಾನು ಹಠಮಾರಿ. ತಂಡಗಳು ಅಕ್ಷರದ ಶೈಲಿ, ಟೋಪಿ, ಕಾಲರ್ ಪಟ್ಟಿ ಎಲ್ಲವನ್ನೂ ಆಗಾಗ ಬದಲಾಯಿಸುತ್ತಿದ್ದವು. ಮೂರು ವರ್ಷದ್ದನ್ನು ಸೇರಿಸಿ ಒಂದು ಚೆಂದದ ಲೋಗೊ ಮಾಡಿದರೆ ಅದನ್ನು ಯಾವ ಆಟಗಾರನೂ ಯಾವತ್ತೂ ಹಾಕಿರಲಿಲ್ಲ ಅಂತಾಗುತ್ತೆ.

ಕಷ್ಟ ಇರೋದು ಬಣ್ಣದಲ್ಲಿ. ಸಿಗೋ ಫೋಟೊಗಳೆಲ್ಲ ಕಪ್ಪು ಬಿಳುಪು. ಅದರಲ್ಲೂ ಇನ್ನೂ ಹಿಂದೆ ಹೋದರೆ, ಆಗಿನ ಕೆಲವು ಫಿಲ್ಮ್‌ಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ, ಕೆಂಪು ಟೋಪಿ ಕರೀ ಟೋಪಿ ಆಗಿಬಿಡುತ್ತೆ, ನೀಲಿ ತೆಳುವಾಗಿ ಬಿಳಿ ಹತ್ತಿರ ಹೋಗುತ್ತೆ. ಅದಕ್ಕೆ ನಾನು ಸೀಸನ್‌ನ ಮೊದಲ ದಿನದ ಫೋಟೊ ಹುಡುಕುತ್ತೇನೆ. ಅವತ್ತು ಗ್ಯಾಲರಿ ಕಟಕಟೆಗೆ ಅಮೆರಿಕದ ಬಾವುಟದ ಬಣ್ಣದ ಬಟ್ಟೆ ಕಟ್ಟಿರುತ್ತಾರೆ. ಕೆಂಪು ಯಾವುದು, ನೀಲಿ ಯಾವುದು ಅಂತ ಪಟ್ಟಿ ನೋಡಿದರೇ ಗೊತ್ತಾಗುತ್ತಲ್ವಾ? ಆ ಪಟ್ಟಿಯ ಬೂದು ಛಾಯೆ ಪಕ್ಕದಲ್ಲಿ ಟೋಪಿಯ ಛಾಯೆ ಇಟ್ಟು ನೋಡಿದರೆ ಅರ್ಧ ಅನುಮಾನ ಕಳೆಯುತ್ತೆ. ಉಳಿದರ್ಧಕ್ಕೆ ಓಕ್ಲೆಂಡ್ ಲೈಬ್ರರಿಗೆ ಹೋಗಿ ಹಳೇ ಪತ್ರಿಕೆಯ ಮೈಕ್ರೊಫಿಲ್ಮ್ ಓದಬೇಕು. ಹೊಸ ಸಮವಸ್ತ್ರ ಬಂದಾಗ ವರದಿಗಾರರು ಬಣ್ಣ ಬರೆಯುತ್ತಿದ್ದರು, ಪುಣ್ಯಾತ್ಮರು.

ಅಸಲಿ ಜರ್ಸಿ ನೋಡಲು ಸಿಕ್ಕರೆ ಮುಂಭಾಗ ನೋಡಬೇಡಿ, ಅದು ಬಿಸಿಲು ಕುಡಿದು ಬಣ್ಣ ಬಿಟ್ಟಿರುತ್ತೆ. ಎದೆ ಮೇಲಿನ ಫೆಲ್ಟ್ (ಒತ್ತಿ ಮಾಡಿದ ದಪ್ಪ ಉಣ್ಣೆ ಬಟ್ಟೆ) ಅಕ್ಷರದ ಹೊಲಿಗೆ ಸಡಿಲವಾಗಿರುವ ಕಡೆ ಅಂಚನ್ನು ಸ್ವಲ್ಪ ಎತ್ತಿ, ಮಾಲೀಕರನ್ನು ಕೇಳಿಯೇ ಎತ್ತಿ, ಅಡಿಯಲ್ಲಿ ನೋಡಿ. ಅಲ್ಲಿ ಬೆಳಕು ಹೋಗಿರಲ್ಲ. ಹೊಲಿದ ದಿನದ ಬಣ್ಣ ಹಾಗೇ ಕೂತಿರುತ್ತೆ.

ಇನ್ನು ಒಂದು ವಿಷಯಕ್ಕೆ ನನಗೆ ನಿಜವಾಗಿಯೂ ಬೇಜಾರಿದೆ. ರೆಟ್ರೊ ಅಂದ ತಕ್ಷಣ ಪ್ರಿಂಟ್ ಮೇಲೆ ಬಿರುಕು ಬಿಟ್ಟ ಹಾಗೆ ಡಿಸೈನ್ ಮಾಡುವ ಚಾಳಿ. ಬಿರುಕು ಬಿಡುವುದು ಪ್ಲಾಸ್ಟಿಸಾಲ್ ಅನ್ನುವ ಪ್ಲಾಸ್ಟಿಕ್ ಇಂಕ್, ಅದು ಟೀ ಶರ್ಟ್ ಮೇಲೆ ಬಂದಿದ್ದೇ ಓಕ್ಸ್ ಊರು ಬಿಟ್ಟ ಮೇಲೆ. 1948ರ ಜರ್ಸಿ ಉಣ್ಣೆಯ ಫ್ಲಾನಲ್, ಅಕ್ಷರ ಫೆಲ್ಟ್. ಅದು ಬಿರುಕು ಬಿಡಲ್ಲ, ಮಾಸುತ್ತೆ, ಅಲ್ಲಲ್ಲಿ ನುಸಿ ತಿನ್ನುತ್ತೆ. ಅದಕ್ಕೇ ನಾನು ಸುಳ್ಳು ಬಿರುಕು ಹಾಕಲ್ಲ.

ಫೆಲ್ಟ್‌ನ ಮೆದು ಬೇಕು ಅಂತ ಡಿಸ್ಚಾರ್ಜ್ ಇಂಕ್ ಬಳಸುತ್ತೇನೆ. ಇದು ಬಟ್ಟೆಯ ಡೈ ತೆಗೆದು ಆ ಜಾಗದಲ್ಲಿ ತನ್ನ ಬಣ್ಣ ಕೂರಿಸುತ್ತೆ, ಕೈಯಾಡಿಸಿದರೆ ಪ್ರಿಂಟ್ ಇದೆ ಅಂತಲೇ ಗೊತ್ತಾಗಲ್ಲ. ನೂರಕ್ಕೆ ನೂರು ಹತ್ತಿ ಬಟ್ಟೆಯೇ ಆಗಬೇಕು, ಪಾಲಿಯೆಸ್ಟರ್ ಬೆರೆತರೆ ಬಣ್ಣ ಪೂರ್ತಿ ಬಿಡಲ್ಲ. ಒಣಗಿಸುವಾಗ ಕೊಳೆತ ಮೊಟ್ಟೆ ತರಹ ವಾಸನೆ ಬರುತ್ತೆ, ಗ್ಯಾರೇಜ್ ಬಾಗಿಲು ತೆಗೆದು ಫ್ಯಾನ್ ಹಾಕಿಯೇ ಮಾಡಿ. ಸುಮ್ನೆ ಅಸಡ್ಡೆ ಮಾಡಬೇಡಿ, ಅದರ ಹೊಗೆ ಒಳ್ಳೇದಲ್ಲ.

ತಂಡ ಇಲ್ಲ ಅಂದ ಮಾತ್ರಕ್ಕೆ ಹೆಸರಿಗೆ ವಾರಸುದಾರರಿಲ್ಲ ಅಂತಲ್ಲ. ಮೂರು ವರ್ಷ ಸತತವಾಗಿ ಬಳಸದಿದ್ದರೆ ಟ್ರೇಡ್‌ಮಾರ್ಕ್ ಕೈಬಿಟ್ಟಂತೆ ಅಂತ ಅಮೆರಿಕದ ಕಾನೂನು ಮೇಲ್ನೋಟಕ್ಕೆ ಒಪ್ಪುತ್ತೆ, ಆದರೆ ಅಷ್ಟರಲ್ಲಿ ಬೇರೆ ಯಾರೋ ನೋಂದಾಯಿಸಿರಬಹುದು. ಮೊದಲು ಸರ್ಕಾರದ ಟ್ರೇಡ್‌ಮಾರ್ಕ್ ಪಟ್ಟಿ ಹುಡುಕಿ, ಆಮೇಲೆ ವಕೀಲರಿಗೆ ದುಡ್ಡು ಕೊಟ್ಟು ಕೇಳಿ. ಫೋಟೊದ ಹಕ್ಕು ಬೇರೆ, ಅದಕ್ಕೆ ನಾನು ಎಲ್ಲವನ್ನೂ ಕೈಯಲ್ಲೇ ಹೊಸದಾಗಿ ಬರೆಯುತ್ತೇನೆ. ಆಟಗಾರರ ಹೆಸರು, ಮುಖ ಇನ್ನೂ ಬೇರೆ: ಕ್ಯಾಲಿಫೋರ್ನಿಯಾದಲ್ಲಿ ಸತ್ತ ಮೇಲೂ 70 ವರ್ಷ ಆ ಹಕ್ಕು ಉಳಿಯುತ್ತೆ.

ಇದರಿಂದಲೇ ನನ್ನ ಒಂದು ಆಸೆ ನಿಂತಿದೆ. 1916ರಲ್ಲಿ ಜಿಮ್ಮಿ ಕ್ಲಾಕ್ಸ್‌ಟನ್ ಅನ್ನುವ ಪಿಚರ್, ಅಂದರೆ ಚೆಂಡು ಎಸೆಯುವ ಆಟಗಾರ, ಓಕ್ಸ್‌ಗೆ ಆಡಿದರು. ಮೂಲನಿವಾಸಿ ಅಂತ ಹೇಳಿ ತಂಡಕ್ಕೆ ಸೇರಿಸಿದ್ದರು. ಕಪ್ಪು ಜನಾಂಗದವರು ಅಂತ ಗೊತ್ತಾದ ಕೂಡಲೇ ತೆಗೆದುಹಾಕಿದರು. ಆದರೆ ಅಷ್ಟರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮಿಠಾಯಿ ಕಂಪನಿಯೊಂದು ತನ್ನ ಝೀನಟ್ ಮಿಠಾಯಿ ಜೊತೆ ಕೊಡುವ ಆಟಗಾರರ ಚಿತ್ರದ ಕಾರ್ಡಿಗೆ ಅವರ ಫೋಟೊ ತೆಗೆದಾಗಿತ್ತು. ಅಮೆರಿಕದ ಬೇಸ್‌ಬಾಲ್ ಕಾರ್ಡಿನಲ್ಲಿ ಬಂದ ಮೊದಲ ಕಪ್ಪು ಆಟಗಾರ ಅವರೇ ಅನ್ನುತ್ತಾರೆ. ಅವರ ಹೆಸರಿನ ಶರ್ಟ್ ಮಾಡಬೇಕು ಅಂತಿದೆ, ಕುಟುಂಬದವರ ಒಪ್ಪಿಗೆ ಇಲ್ಲದೆ ಮಾಡಲ್ಲ.

ಕೊಳ್ಳುವವರು ಯಾರು ಅಂತ ಕೇಳುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಎ’ಸ್ ಅನ್ನುವ ಮೇಜರ್ ಲೀಗ್ ತಂಡ ಓಕ್ಲೆಂಡ್‌ನಲ್ಲಿ ಕೊನೇ ಪಂದ್ಯ ಆಡಿ ಊರು ಬಿಟ್ಟು ಹೊರಟಿತು, ಅದಾದ ಮೇಲೆ ನನ್ನ ಟೇಬಲ್ ಹತ್ತಿರ ಬರುವವರ ಮಾತೇ ಬೇರೆ ಆಗಿದೆ. ಮೊದಲೆಲ್ಲ ಅಜ್ಜ ಓಕ್ಸ್ ನೋಡಿದ್ದ ಅಂತ ಬರುತ್ತಿದ್ದರು. ಈಗ ಇಪ್ಪತ್ತರ ಹುಡುಗರು ನಿಂತು, ಓಕ್ಸ್ ಯಾಕೆ ಹೋಯಿತು, ಮೈದಾನ ಎಲ್ಲಿತ್ತು ಅಂತ ಕೇಳುತ್ತಾರೆ. ನನಗೆ ಶರ್ಟ್ ಮಾರೋದಕ್ಕಿಂತ ಆ ಪ್ರಶ್ನೆಗಳೇ ಖುಷಿ.

ಮುಂದಿನದು ಸ್ಯಾನ್ ಫ್ರಾನ್ಸಿಸ್ಕೊ ಸೀಲ್ಸ್, 1933. ಜೋ ಡಿಮ್ಯಾಜಿಯೊ ಸತತ 61 ಪಂದ್ಯಗಳಲ್ಲಿ ಹಿಟ್ ಹೊಡೆದ ವರ್ಷ. ಈ ಕಡೆ ಇರುವ ಕನ್ನಡದವರು ಯಾರಾದರೂ ಎಸ್ಟೇಟ್ ಸೇಲ್‌ಗಳಲ್ಲಿ (ತೀರಿಹೋದವರ ಮನೆ ಸಾಮಾನು ಮಾರುವ ಕಡೆ) ಹಳೇ ಸೀಲ್ಸ್ ಟೋಪಿ ಕಂಡರೆ, ಒಳಗಿನ ಬೆವರುಪಟ್ಟಿ ಮಡಚಿ, ಅದರ ಹಿಂದಿನ ಬಟ್ಟೆಯ ಫೋಟೊ ಹಗಲು ಬೆಳಕಲ್ಲಿ ತೆಗೆದು ಕಳಿಸಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ತೆಗೆಯಿರಿ, ಬಣ್ಣ ಸರಿ ಹೊಂದಿಸೋಕೆ ಬೇಕಾಗುತ್ತೆ.